ಒಡೆಯದೆ ತೆಗೆದ ಬಳೆಗಳು

ಆಯೇಶಾ ಕಮಲಾಪುರಕ್ಕೆ ಮೊದಲ ಸಲ ಬಂದಾಗ ಜಯದೇವಿಯನ್ನು ಮಾತಾಡಿಸಲೇ ಇಲ್ಲ. ಸೀದಾ ಅತ್ತೆ ಗುಂಡಮ್ಮನ ಹತ್ತಿರ ಹೋಗಿ ಕಟ್ಟೆಯ ಮೇಲೆ ಕೂತು, ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, "ಆಯಿ, ಥೋಡೆ ನೀರು ಕೊಡ್ರಿ, ಬಿಸಲು ಭಾಳ ಅದ" ಅಂದಳು.

ಅದು ಅವಳ ಕೆಲಸದ ರೀತಿ. ಕಲಬುರಗಿಯ ಗಾಜಿಪುರದಲ್ಲಿ, ಒಂದು ಹಳೇ ಮನೆಯ ಮಾಳಿಗೆಯ ಮೇಲೆ, ಒಂಟಿಯಾಗಿ ಮಕ್ಕಳನ್ನು ಸಾಕುವ ಹೆಂಗಸರಿಗೆ ಆಸ್ಪತ್ರೆ ಕೆಲಸ ಕಲಿಸಿ ನೌಕರಿಗೆ ಹಚ್ಚುವ ಕೇಂದ್ರವೊಂದಿತ್ತು. ಊರೂರು ತಿರುಗಿ ಅಂಥ ಹೆಂಗಸರನ್ನು ಕರೆತರುವುದು ಆಯೇಶಾಳ ಪಾಲಿನ ಕೆಲಸ. ಆಕೆಗೂ ಗಂಡನಿಲ್ಲ, ಒಬ್ಬ ಮಗನಿದ್ದ. ಹೆಂಗಸನ್ನು ಒಪ್ಪಿಸುವುದು ದೊಡ್ಡ ಮಾತಲ್ಲ, ಅವಳು ಕೆಲಸಕ್ಕೆ ಹೋದ ಮೇಲೆ ಕೂಸನ್ನು ನೋಡಿಕೊಳ್ಳುವವರು ಯಾರೋ ಅವರನ್ನು ಮೊದಲು ಒಪ್ಪಿಸಬೇಕು ಎಂಬುದನ್ನು ಆಕೆ ಎಷ್ಟೋ ಮನೆಗಳ ಕಟ್ಟೆ ಸವೆಸಿ ಕಲಿತಿದ್ದಳು.

ಗುಂಡಮ್ಮನ ಮನೆಯ ಸಂಗತಿ ಓಣಿಗೆಲ್ಲ ಗೊತ್ತಿದ್ದದ್ದೇ. ಮಗ ಅಮರನಾಥ ಬಾಳೆಹಣ್ಣಿನ ಲಾರಿಗೆ ಕ್ಲೀನರ್ ಆಗಿ ಹೈದರಾಬಾದಿಗೆ ಹೊರಟವನು ಜಹೀರಾಬಾದಿನ ಹತ್ತಿರ ಚಹಾ ಕುಡಿಯಲು ಇಳಿದ. ಇಳಿದವನು ಮತ್ತೆ ಹತ್ತಲಿಲ್ಲ. ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಹಣ್ಣು ಕೆಡುತ್ತವೆಂದು ಲಾರಿ ಬಿಟ್ಟುಕೊಂಡು ಹೋದ. ಪೊಲೀಸರಿಗೆ ಹೇಳಿದ್ದಾಯಿತು, ಫೋಟೋ ಅಂಟಿಸಿದ್ದಾಯಿತು, ದೇವರು ದಿಂಡರಾಯಿತು. ಆಗ ಮಗಳು ಸೃಷ್ಟಿ ಅಂಬೆಗಾಲಿಡುತ್ತಿದ್ದಳು. ಈಗ ಮೂರನೇ ಇಯತ್ತೆ.

ಮನೆ ನಡೆಯುತ್ತಿದ್ದದ್ದು ಗುಂಡಮ್ಮನ ಪಿಂಚಣಿ, ಗೃಹಲಕ್ಷ್ಮಿಯ ದುಡ್ಡು, ರೇಷನ್ ಅಕ್ಕಿಯ ಮೇಲೆ. ಬೇಸಿಗೆಯಲ್ಲಿ ಜಯದೇವಿ ಉದ್ಯೋಗ ಖಾತ್ರಿ ಕೆಲಸಕ್ಕೆ ಮಣ್ಣು ಹೊರಲು ಹೋಗುತ್ತಿದ್ದಳು. ಒಮ್ಮೆ ಕಚೇರಿಯವನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಬಂದು, "ಆಯಿ, ಏಳು ವರ್ಷ ಆತಲ್ಲ. ಕೋರ್ಟಿನಾಗ ತೀರಕೊಂಡಾನ ಅಂತ ಬರಸಕೊಂಡ್ರ ನಿಮ್ಮ ಸೊಸಿಗಿ ವಿಧವಾ ವೇತನ ಸುರು ಆಗ್ತದ" ಅಂದಿದ್ದ. ಗುಂಡಮ್ಮ ಕೈಯಲ್ಲಿದ್ದ ಕಸಬರಿಗೆ ಎತ್ತಿದ್ದಳು. "ತಿಂಗಳಾ ತಿಂಗಳಾ ರೊಕ್ಕ ಬರ್ತದಂತ ನನ್ನ ಮಗನ್ನ ಕಾಗದದಾಗ ಸಾಯಸಾಕ ಬಂದೀಯೇನೋ? ಏಳು ಕಟ್ಟಿ ಮ್ಯಾಗಿಂದ!"

ಆಯೇಶಾ ಇದನ್ನೆಲ್ಲ ಕೇಳಿಕೊಂಡೇ ಬಂದಿದ್ದಳು. ನೀರು ಕುಡಿದು ತಂಬಿಗೆ ಕೆಳಗಿಟ್ಟು ಹೇಳಿದಳು: "ವೇತನ ಕೊಡಾವ್ರು ಗಂಡ ಅದಾನೋ ಸತ್ತಾನೋ ಅಂತ ಕೇಳ್ತಾರ ಆಯಿ. ಕೆಲಸ ಕೇಳಂಗಿಲ್ಲ. ಅದಕ್ಕ ಎರಡು ಕೈ ಇದ್ರ ಸಾಕು."

ಗುಂಡಮ್ಮನಿಗೆ ಆ ಮಾತು ನಾಟಿತು. ಆದರೂ ಸುಮ್ಮನೆ ಒಪ್ಪುವ ಮುದುಕಿಯಲ್ಲ ಆಕೆ.

"ರೇಷನ್ ಕಾರ್ಡ್ ಕಿತ್ತಗೋತಾರೇನ?"

"ಇಷ್ಟು ಪಗಾರಕ್ಕ ಯಾರೂ ಕಿತ್ತಗೊಳ್ಳಂಗಿಲ್ಲ. ಕೇಳಿ ಬಂದೀನಿ."

"ರಾತ್ರಿ ಪಾಳಿ?"

"ಇಲ್ಲ. ಮುಂಜಾನಿ ಬಸ್ಸಿಗಿ ಹೋಗಾದು, ಸಂಜಿ ಬಸ್ಸಿಗಿ ಬರಾದು. ಹೆಣಮಕ್ಕಳಿಗಿ ಬಸ್ಸು ಪುಕಟ್ ಅದಲ್ಲ."

"ಪುಕಟ್ ಬಸ್ಸಿನಾಗ ಕುಂದರಾಕ ಜಾಗಾ ಎಲ್ಲಿ ಸಿಗ್ತದವ್ವ?"

"ನಿಂತ್ರೂ ಪುಕಟ್ಟೇ ಆಯಿ!"

ಗುಂಡಮ್ಮ ನಕ್ಕಳು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಜಯದೇವಿಗೆ, ಅತ್ತೆ ನಕ್ಕದ್ದನ್ನು ಕಂಡು ಎಷ್ಟು ದಿನವಾಯಿತೆಂದು ನೆನಪಾಗಲಿಲ್ಲ.

ಹಾಗೆ ಜಯದೇವಿ ಗಾಜಿಪುರದ ಮಾಳಿಗೆ ಹತ್ತಿದಳು. ರೋಗಿಯನ್ನು ಹೊರಳಿಸುವುದು, ಜ್ವರ ನೋಡುವುದು, ಹಾಸಿಗೆ ಮೇಲೆ ಮಲಗಿದ್ದವರ ಕೆಳಗಿನ ಚಾದರ ಬದಲಿಸುವುದು, ಎಲ್ಲ ಕಲಿತಳು. ಕಲಿತ ಮೇಲೆ ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ, ತೂಕ ಕಡಿಮೆ ಹುಟ್ಟಿದ ಹಸುಗೂಸುಗಳ ವಾರ್ಡಿಗೆ ಅವಳನ್ನು ತೆಗೆದುಕೊಂಡರು. ಮೊದಲ ತಿಂಗಳು ಪರೀಕ್ಷೆ. ನಡುವೆ ತಪ್ಪಿಸಿದರೆ ಬೇರೆಯವರು ಕಾಯುತ್ತಿದ್ದಾರೆ ಎಂದು ಮೊದಲೇ ಹೇಳಿದ್ದರು.

ಮೊದಲ ದಿನ ವಾರ್ಡಿನ ಸಿಸ್ಟರ್ ಅವಳನ್ನು ಕೈತೊಳೆಯುವ ಜಾಗಕ್ಕೆ ಕರೆದುಕೊಂಡು ಹೋಗಿ, ಅವಳ ಕೈ ನೋಡಿ, "ಇವು ನಡಿಯಂಗಿಲ್ಲ" ಅಂದಳು. "ತಾಳಿ ಒಳಗ ಪಿನ್ ಹಾಕ್ಕೋ. ಮೊಣಕೈ ಕೆಳಗ ಮಾತ್ರ ಏನೂ ಇರಬಾರದು. ಬಳಿ ಸಂದ್ಯಾಗ ಹೊಲಸು ಕುಂದರ್ತದ. ಆ ಕೂಸುಗಳಿಗಿ ಅದೇ ವಿಷ."

ಜಯದೇವಿ ತನ್ನ ಕೈ ನೋಡಿಕೊಂಡಳು. ಎರಡೂ ಕೈಗೆ ಹಸಿರು ಗಾಜಿನ ಬಳೆಗಳು.

ಅವು ಗುಂಡಮ್ಮನ ಬಳೆಗಳು ಅಂತಲೇ ಅನ್ನಬೇಕು. ವರ್ಷವರ್ಷ ನಾಗರ ಪಂಚಮಿಗೆ ಆಕೆ ಬಳೆಗಾರ ಖಮರುದ್ದೀನನನ್ನು ಅಂಗಳಕ್ಕೆ ಕರೆಸಿ, ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಮಗನ ಹೆಸರು ಹೇಳಿ ತೊಡಿಸುತ್ತಿದ್ದಳು. "ಬಿಗಿ ಇರಲಿ ಖಮರಣ್ಣ. ತಾನಾಗಿ ಜಾರಬಾರದು" ಎಂದು ಪಕ್ಕದಲ್ಲೇ ನಿಂತು ಹೇಳುವಳು. ಖಮರುದ್ದೀನ್ ಜಯದೇವಿಯ ಕೈ ಹಿಚುಕುತ್ತ, "ಬೇಟಿ, ಹೆಬ್ಬಟ್ಟು ಒಳಗ ಮಡಚು, ಮಾರಿ ಆ ಕಡಿ ಹೊಳ್ಳಸು" ಅನ್ನುವನು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಆ ಕೈಗಳನ್ನು ನೋಡಿ, ಏನೂ ಕೇಳದೆ, ಇನ್ನೂ ಯಾವ ಸುದ್ದಿಯೂ ಬಂದಿಲ್ಲ ಎಂದು ತಿಳಿದುಕೊಳ್ಳುವರು. ಅಮರನಾಥ ಊರಿನ ಪಾಲಿಗೆ ಬದುಕಿದ್ದದ್ದು ಆ ಬಳೆಗಳಲ್ಲಿ.

ಆಯೇಶಾ ಬಸ್ಸಿನದು ಹೇಳಿದ್ದಳು, ರೇಷನ್ನಿನದು ಹೇಳಿದ್ದಳು. ಬಳೆಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಅತ್ತೆಗೆ ಹೇಳಿದರೆ ಕೆಲಸ ಹೋಯಿತು. ತೆಗೆಯದಿದ್ದರೂ ಹೋಯಿತು. ಜಯದೇವಿ ಆ ದಿನ ಸಾಬೂನು ಹಚ್ಚಿ, ಹೆಬ್ಬೆಟ್ಟು ಮಡಚಿ, ಹಲ್ಲು ಕಚ್ಚಿ, ಒಂದೊಂದೇ ಬಳೆಯನ್ನು ಗೆಣ್ಣು ದಾಟಿಸಿದಳು. ಬಲಗೈ ಗೆಣ್ಣಿನ ತೊಗಲು ಸುಲಿಯಿತು. ಬಳೆ ಒಂದೂ ಒಡೆಯಲಿಲ್ಲ. ಸಂಜೆ ಮತ್ತೆ ಹಾಗೆಯೇ ತೊಟ್ಟುಕೊಂಡು ಬಸ್ಸು ಹತ್ತಿದಳು.

ಮರುದಿನದಿಂದ ಅದೇ ದಿನಚರಿಯಾಯಿತು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ನಿಂತು ಬಸ್ಸು ಹತ್ತುವುದು, ಕಲಬುರಗಿಯ ಬಸ್ ಸ್ಟ್ಯಾಂಡಿನ ನಳದ ಮೂಲೆಯಲ್ಲಿ ಸಾಬೂನಿನ ತುಂಡು ತೆಗೆಯುವುದು, ಬಳೆಗಳನ್ನು ಕರ್ಚೀಫಿನಲ್ಲಿ ಸುತ್ತಿ ಖಾಲಿ ಡಬ್ಬಿಯೊಂದರಲ್ಲಿ ಇಡುವುದು. ಬಳೆ ತೆಗೆದ ಮೇಲೆ ಕೈ ಹಗುರಾಗುತ್ತಿತ್ತು. ಆ ಹಗುರವೇ ಅವಳಿಗೆ ಹೆದರಿಕೆ. ಗಂಡನ ದನಿ ಅವಳಿಗೆ ಮರೆತುಹೋಗಿತ್ತು. ಮರೆತದ್ದನ್ನು ಯಾರಿಗೂ ಹೇಳಿರಲಿಲ್ಲ. ವಾರ್ಡಿನೊಳಗೆ, ಅಂಗೈಯಷ್ಟೇ ಇದ್ದ ಕೂಸುಗಳನ್ನು ಎತ್ತಿ ತಾಯಂದಿರ ಎದೆಗೆ ಕೊಡುವಾಗ ಮಾತ್ರ ಆ ಹೆದರಿಕೆ ಮರೆಯುತ್ತಿತ್ತು. "ಇವಳ ಕೈ ಮೆತ್ತಗ ಅದ" ಎಂದು ಸಿಸ್ಟರ್ ಡಾಕ್ಟರಿಗೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಇಷ್ಟು ವರ್ಷದಲ್ಲಿ ಅವಳ ಬಗ್ಗೆ ಜನ ಆಡಿದ ಮಾತುಗಳಲ್ಲಿ ಗಂಡನ ಹೆಸರು ಬರದ ಮಾತು ಅದೊಂದೇ.

ಹೀಗಿರುವಾಗ ಅವರ ಓಣಿಯ ಶಾರದಾಬಾಯಿಯ ಮಗಳು ಸೌಂದರ್ಯಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಕೂಸನ್ನು ಅದೇ ವಾರ್ಡಿಗೆ ತಂದರು. ಮರುದಿನ ಮುಂಜಾನೆ ಊರಿನಿಂದ ಬಂದ ಶಾರದಾಬಾಯಿಯನ್ನು ಒಳಗೆ ಬಿಡಲಿಲ್ಲ. ಆಕೆ ಗಾಜಿಗೆ ಮೂಗು ಒತ್ತಿ ನಿಂತು ಮೊಮ್ಮಗನನ್ನು ಹುಡುಕಿದಳು. ಹುಡುಕುತ್ತಿದ್ದ ಕಣ್ಣಿಗೆ ಜಯದೇವಿ ಬಿದ್ದಳು. ಮೊಣಕೈತನಕ ಬೋಳು ಕೈ, ಅದರಲ್ಲೊಂದು ಕೂಸು.

ಜಯದೇವಿ ಆಕೆಯನ್ನು ನೋಡಲಿಲ್ಲ. ನೋಡಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ. ಶಾರದಾಬಾಯಿಯೂ ಕಾಯ್ದು ಕೇಳಲಿಲ್ಲ. ಹೊಸದಾಗಿ ಕೈ ಬೋಳಾದವಳನ್ನು ನಡುದಾರಿಯಲ್ಲಿ ನಿಲ್ಲಿಸಿ ಯಾವ ಬಾಯಿಂದ ಕೇಳುವುದು? ಸೆರಗಿನಿಂದ ಕಣ್ಣು ಒರೆಸಿಕೊಂಡು ಆಕೆ ಮುಂದಿನ ಬಸ್ಸು ಹಿಡಿದು ಊರಿಗೆ ಹೋದಳು.

ಆ ಸಂಜೆ ಜಯದೇವಿ ಓಣಿಯ ತಿರುವಿಗೆ ಬಂದಾಗ ಅಳು ಕೇಳಿಸಿತು. ಯಾರದೋ ಮನೆಯದು ಎಂದುಕೊಂಡಳು. ನಾಲ್ಕು ಹೆಜ್ಜೆ ಮುಂದೆ ಹೋದಾಗ ತನ್ನ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡಿತು.

ಒಳಗೆ ಓಣಿಯ ಹೆಂಗಸರೆಲ್ಲ ಕೂತಿದ್ದರು. ನಡುವೆ ಗುಂಡಮ್ಮ, ತಲೆಕೂದಲು ಬಿಚ್ಚಿ. ಶಾರದಾಬಾಯಿ ಆಕೆಯ ಕೊರಳಿಗೆ ಕೈ ಹಾಕಿ ಹಾಡಿಕೊಂಡು ಅಳುತ್ತಿದ್ದಳು. "ಹಣ್ಣಿನ ಲಾರಿ ಹತ್ತಿ ಹ್ವಾದ ನನ್ನಪ್ಪಾ… ತಾಯಿ ಮಾರಿ ನೋಡದ ಹ್ವಾದ್ಯಲ್ಲೋ…" ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಯಾರೋ ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಯ ತಂದಿಟ್ಟಿದ್ದರು. ಶಾಲೆಯ ಬಟ್ಟೆಯಲ್ಲೇ ಮೂಲೆಯಲ್ಲಿ ಕೂತಿದ್ದ ಸೃಷ್ಟಿ ತಾಯಿಯನ್ನು ಕಂಡು ಓಡಿ ಬಂದಳು.

"ಅವ್ವಾ, ಅಪ್ಪ ಸತ್ತಾನಂತ. ಎಲ್ಲಾರೂ ಅಳಾಕತ್ತಾರ, ನನಗ ಅಳು ಬರವಲ್ಲದು. ಅಪ್ಪ ಹೆಂಗಿದ್ದ?"

ಬಾಗಿಲಲ್ಲಿ ನಿಂತವಳ ಕೈಯಲ್ಲಿ ಹಸಿರು ಬಳೆಗಳು. ಅವನ್ನು ಕಂಡು ಶಾರದಾಬಾಯಿಯ ಹಾಡು ಅರ್ಧಕ್ಕೇ ನಿಂತಿತು.

ಗುಂಡಮ್ಮ ಎದ್ದು ಬಂದು ಸೊಸೆಯ ಎರಡೂ ಮುಂಗೈ ಹಿಡಿದಳು. "ಎಲ್ಲಿ ಸಿಕ್ಕ? ಯಾರು ಹೇಳಿದ್ರು ನಿನಗ? ಮಣ್ಣು ಆಗ್ಯಾದೋ ಇನ್ನೂ ಇಟ್ಟಾರೋ? ಬಾಯಿ ಬಿಡಬೇ!"

"ಏನೂ ಆಗಿಲ್ಲ ಅತ್ತಿ. ನನಗ ಯಾರೂ ಏನೂ ಹೇಳಿಲ್ಲ."

"ಸುಳ್ಳ ಯಾಕ ಹೇಳ್ತಿ?" ಶಾರದಾಬಾಯಿ ಎದ್ದಳು. "ನಾ ನನ್ನ ಕಣ್ಣೀಲೆ ನೋಡೀನಿ. ದವಾಖಾನಿ ಗಾಜಿನ ಒಳಗ ನಿಂತಿದ್ದಿ. ಎರಡೂ ಕೈ ಬೋಳು ಇದ್ವು. ಈಗ ಬಳಿ ಹಾಕ್ಕೊಂಡು ಬಂದು ಯಾರ ಕಣ್ಣಿಗಿ ಮಣ್ಣು ಹಾಕ್ತಿ?"

"ಮುಂಜಾನಿ ಪೂರಾ ನನ್ನ ಕೈಯಾಗ ಒಂದು ಕೂಸು ಇತ್ತಲ್ಲ ಕಾಕು, ಅದನ್ನ ನೋಡಿಲ್ಲೇನ್ರಿ? ನಿಮ್ಮ ಸೌಂದರ್ಯಾನ ಕೂಸೇ ಅದು. ಬಳಿ ಹಾಕ್ಕೊಂಡು ಅದನ್ನ ಮುಟ್ಟಾಂಗಿಲ್ರಿ. ಯಾರೂ ಮುಟ್ಟಾಂಗಿಲ್ಲ. ಡಾಕ್ಟರ್ ಬಾಯಿನೂ ಬಳಿ ತೆಗದೇ ಒಳಗ ಬರ್ತಾಳ, ಆಕಿ ಗಂಡ ಮಗ್ಗಲ ಖೋಲ್ಯಾಗೇ ಕುಂತಿರ್ತಾನ." ಹೇಳುತ್ತ ಹೇಳುತ್ತ ಜಯದೇವಿಯ ದನಿ ಒಡೆಯಿತು. "ಮಧ್ಯಾಹ್ನ ಹಾಲು ಕುಡೀತು ಕಾಕು, ನಿಮ್ಮ ಮೊಮ್ಮಗ. ನಾನೇ ಹಿಡದು ಕುಡಸೀನಿ."

ಶಾರದಾಬಾಯಿ ಒಮ್ಮೆ ಜಯದೇವಿಯನ್ನು, ಒಮ್ಮೆ ಗುಂಡಮ್ಮನನ್ನು ನೋಡಿದಳು. ಹೆಂಗಸರು ಒಬ್ಬೊಬ್ಬರೇ ಸೆರಗು ಸರಿ ಮಾಡಿಕೊಂಡು ಏಳತೊಡಗಿದರು. ರೊಟ್ಟಿ ತಂದವಳು ಬುಟ್ಟಿಯ ಮುಂದೆ ನಿಂತುಬಿಟ್ಟಳು. ಸಾವಿನ ಮನೆಗೆಂದು ತಂದ ರೊಟ್ಟಿ. ಹೊಳ್ಳಿ ಮನೆಗೆ ಒಯ್ಯುವಂತಿಲ್ಲ, ಸಾಯದವರ ಮನೆಯಲ್ಲಿ ಬಿಡುವಂತೆಯೂ ಇಲ್ಲ.

"ಒಯ್ದು ದನಕ್ಕ ಹಾಕು" ಅಂದಳು ಗುಂಡಮ್ಮ. "ನನ್ನ ಮನ್ಯಾಗ ಯಾರೂ ಸತ್ತಿಲ್ಲ."

ಕೂದಲು ಗಂಟು ಹಾಕಿಕೊಂಡು ಒಳಗೆ ಹೋಗಿ ತಾನೇ ಒಲೆ ಹಚ್ಚಿದಳು. ಜಯದೇವಿ ಹಿಟ್ಟು ಕಲೆಸಲು ಹೋದರೆ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ರೊಟ್ಟಿ ಬಡಿಯುತ್ತ, ಮುಖ ತಿರುಗಿಸದೆ ಹೇಳಿದಳು:

"ನಾಳಿಂದ ಹೋಗಬ್ಯಾಡ."

ಜಯದೇವಿ ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಬಸ್ಸು ಬರುವ ಹೊತ್ತಿಗೆ ಕೆಲಸವಿಲ್ಲದಿದ್ದರೂ ಅಂಗಳಕ್ಕೆ ಬರುವಳು, ಬಸ್ಸು ಹೋದ ಮೇಲೆ ಒಳಗೆ ಹೋಗುವಳು. ಗುಂಡಮ್ಮ ಅದನ್ನು ನೋಡಿಯೂ ನೋಡದವಳಂತೆ ಅಕ್ಕಿ ಆರಿಸುವಳು.

ಮೂರನೆಯ ದಿನ ಆಯೇಶಾ ಬಂದಳು. ಅದೇ ಕಟ್ಟೆಯ ಮೇಲೆ ಕೂತಳು. ಈ ಸಲ ನೀರು ಕೇಳಲಿಲ್ಲ. ಗುಂಡಮ್ಮ ಕೊಡಲೂ ಇಲ್ಲ.

"ಆಯಿ, ನಾಳಿ ಬರಲಿಲ್ಲಂದ್ರ ಬ್ಯಾರೇದವ್ರನ್ನ ತಗೋತೀವಿ ಅಂತ ಸಿಸ್ಟರ್ ಹೇಳ್ಯಾಳ. ಅದಕ್ಕ ಬಂದೀನಿ" ಅಂದಳು. ಮುಸುಕು ಹಿಂದಕ್ಕೆ ಸರಿಸಿ ಮತ್ತೆ ಹೇಳಿದಳು, "ತಪ್ಪು ನಂದೇ ಅದ. ಎಲ್ಲಾ ಹೇಳ್ದೆ, ಕೈಯಿಂದು ಹೇಳಲಿಲ್ಲ. ನನಗ ಹೊಳೀಲೇ ಇಲ್ಲ ಆಯಿ. ಶಹರದಾಗಿನ ಹುಡಗ್ಯಾರು ಮನಸು ಬಂದ್ರ ಹಾಕ್ತಾರ, ಬ್ಯಾಡಾದ್ರ ತೆಗೀತಾರ. ಬಳಿ ಅಂದ್ರ ಅಷ್ಟೇ ಅಂತ ತಿಳಕೊಂಡಿದ್ದೆ."

"ನಿನ್ನ ತಪ್ಪಿಗಿ ನಾ ಒಂದು ಮಧ್ಯಾಹ್ನ ಪೂರಾ ಮಗನ್ನ ಮಣ್ಣು ಮಾಡೀನಿ. ಗೊತ್ತದೇನ ನಿನಗ?"

ಆಯೇಶಾ ತಲೆ ತಗ್ಗಿಸಿದಳು.

"ಕೆಲಸ ಗಂಡ ಅದಾನೋ ಇಲ್ಲೋ ಕೇಳಂಗಿಲ್ಲ ಅಂದಿದ್ದಿ. ಕೇಳ್ತಲ್ಲ?" ಗುಂಡಮ್ಮ ತನ್ನ ಬಲಗೈ ಮುಂದೆ ಚಾಚಿದಳು. ಮುಂಗೈಯ ಒಳಬದಿಗೆ ಹಳೆಯ ಗಾಯದ ಬಿಳಿ ಗೆರೆಯೊಂದಿತ್ತು. "ಇದು ನೋಡು. ಅಮರನ ಅಪ್ಪ ಹೋದ ದಿನ ಬಾವಿ ದಂಡಿಗಿ ಕುಂದರಿಸಿ ಕಲ್ಲೀಲೆ ಕುಟ್ಟಿದ್ರು. ಚೂರು ಒಳಗ ಹೋಗಿ ಎಷ್ಟೋ ದಿನಕ್ಕ ಹೊರಗ ಬಂತು. ಬಳಿ ಹೋಗಾದು ಅಂದ್ರ ನಮ್ಮ ಕಡಿ ಇದು. ಜಾರಸಾದಲ್ಲ, ಕುಟ್ಟಾದು."

ಹೊಸ್ತಿಲ ಮೇಲೆ ನಿಂತಿದ್ದ ಜಯದೇವಿ ಆಗ ಮಾತಾಡಿದಳು.

"ನಾ ಕುಟ್ಟಿಲ್ಲ ಅತ್ತಿ. ಒಂದೂ ಒಡದಿಲ್ಲ."

"ಖಮರಣ್ಣ ಬಿಗಿ ಮಾಡಿ ಹಾಕಿದ ಬಳಿ ಒಡೀದ ಬರ್ತಾವಂತ. ಯಾರಿಗಿ ಹೇಳ್ತಿ?"

ಜಯದೇವಿ ಒಳಗೆ ಹೋಗಿ ಚರಿಗೆಯಲ್ಲಿ ನೀರು, ಸಾಬೂನಿನ ತುಂಡು ತಂದಳು. ಅತ್ತೆಯ ಕಾಲ ಬಳಿ ಕೂತಳು. ಕೈಗೆ ನೊರೆ ಹಚ್ಚಿ, ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿ, ಒಂದು ಬಳೆಯನ್ನು ಗೆಣ್ಣಿನ ತನಕ ತಂದಳು. ಅಲ್ಲಿ ಅದು ಸಿಕ್ಕಿಕೊಂಡಿತು. ಸುಲಿದು ಹೆಪ್ಪುಗಟ್ಟಿದ ಗಾಯದ ಮೇಲೇ ಅದು ಹಾಯಬೇಕು. ಅವಳು ಮುಖ ಆ ಕಡೆ ತಿರುಗಿಸಿ ಉಸಿರು ಹಿಡಿದು ಎಳೆದಳು. ಬಳೆ ಬಂತು. ಅದನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ನೊರೆ ಗುಲಾಬಿ ಬಣ್ಣಕ್ಕೆ ತಿರುಗಿತು. ಕೊನೆಗೆ ಎಲ್ಲ ಬಳೆಗಳೂ ಕಟ್ಟೆಯ ಮೇಲೆ ಸಾಲಾಗಿ, ಇಡಿಯಾಗಿ ಕೂತವು.

ಗುಂಡಮ್ಮ ಬಳೆ ನೋಡಲಿಲ್ಲ, ಸೊಸೆಯ ಗೆಣ್ಣು ನೋಡಿದಳು.

"ದಿನಾ ಹಿಂಗೇ ತೆಗೀತಿದ್ದೇನ?"

"ಹೂಂ. ಬಸ್ ಸ್ಟ್ಯಾಂಡಿನ ನಳದ ಹತ್ರ."

"ಸಂಜಿಗಿ ಮತ್ತ ಹಾಕ್ಕೋತಿದ್ದಿ."

"ಹೂಂ ಅತ್ತಿ."

"ಇದರ ಮ್ಯಾಗಿಂದೇ?"

ಜಯದೇವಿ ಗೆಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಯಾರ ಸಲುವಾಗಿ ಹೊಳ್ಳಿ ಹಾಕ್ಕೋತಿದ್ದಿ? ಅವನ ಸಲುವಾಗೇನ?"

ಹೌದು ಅಂದಿದ್ದರೆ ಸಲೀಸಾಗಿ ಹೋಗುತ್ತಿತ್ತು. ಜಯದೇವಿಗೆ ಹೌದು ಅನ್ನಲು ಬಾಯಿ ಬರಲಿಲ್ಲ. "ನಿಮ್ಮ ಸಲುವಾಗಿ" ಅಂದಳು.

ಗುಂಡಮ್ಮ ಒಂದೊಂದೇ ಬಳೆ ಎತ್ತಿ, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ಬಿರುಕು ಇದೆಯೇ ನೋಡಿ, ಮಡಿಲಿಗೆ ಹಾಕಿಕೊಂಡಳು.

"ಬಸ್ ಸ್ಟ್ಯಾಂಡಿನ ಮೋರಿ ದಂಡ್ಯಾಗ ನನ್ನ ಮಗನ ಬಳಿ ತೆಗೀಬ್ಯಾಡ" ಅಂದಳು. "ಮನ್ಯಾಗ ತೆಗಿ. ನಾ ತೆಗೀತೀನಿ, ಎಣ್ಣಿ ಹಚ್ಚಿ. ಸಂಜಿಗಿ ನಾನೇ ತೊಡಸ್ತೀನಿ."

ಆಯೇಶಾ ಹಿಂಜರಿಯುತ್ತ ಕೇಳಿದಳು, "ಆಯಿ, ನೀವು ತೊಡಸಬೌದೇನ್ರಿ? ಜನಾ ಏನರ ಅಂದ್ರ?"

"ಗಂಡ ಇಲ್ಲದಾಕಿ ಬಳಿ ತೊಡಸಬಾರದು ಅನ್ನಾವ್ರೆಲ್ಲಾ ಮೊನ್ನಿ ನನ್ನ ಮನಿಗಿ ಬಂದು ಅತ್ತು ಹೋಗ್ಯಾರ. ಅವರು ಮಾತಾಡಾದು ಮುಗದದ." ಗುಂಡಮ್ಮ ಒಳಗೆ ತಿರುಗಿ ಕೂಗಿದಳು. "ಏ ಸೃಷ್ಟಿ, ಆಯೇಶಾ ಆಪಾಗ ನೀರು ತಾ. ಬಿಸಲಾಗ ಬಂದಾಳ."

ಮರುದಿನ ಜಯದೇವಿ ಕೆಲಸಕ್ಕೆ ಹೋದಳು. ಸಿಸ್ಟರ್ ಬೈದಳು, ಆದರೆ ಹೊರಗೆ ಹಾಕಲಿಲ್ಲ. ತಿಂಗಳು ದಾಟಿತು. ಶಾರದಾಬಾಯಿಯ ಮೊಮ್ಮಗ ಮನೆಗೆ ಬಂದ. ಓಣಿಯಲ್ಲಿ ಜಯದೇವಿ ಬೋಳು ಕೈಯಲ್ಲಿ ಬಸ್ಸಿಗೆ ಹೋಗುವುದನ್ನು ಕಂಡು ಹೊಸಬರು ಯಾರಾದರೂ ಪಿಸುಗುಟ್ಟಿದರೆ ಶಾರದಾಬಾಯಿಯೇ ಮುಂದೆ ಬಿದ್ದು, "ಆಕಿ ಕೈ ನೋಡಬ್ಯಾಡ್ರಿ, ನನ್ನ ಮೊಮ್ಮಗನ ಕೆನ್ನಿ ನೋಡ್ರಿ" ಅನ್ನುವಳು.

ಮನೆಯೊಳಗೆ ಮುಂಜಾನೆ ಮುಂಜಾನೆ ಅತ್ತೆ ಸೊಸೆ ಇಬ್ಬರೂ ಎದುರುಬದುರು ಕೂರುವರು. ಗುಂಡಮ್ಮ ಕೊಬ್ಬರಿ ಎಣ್ಣೆ ಹಚ್ಚಿ, ಸೊಸೆಯ ಕೈಯನ್ನು ತನ್ನ ಎರಡೂ ಕೈಯಿಂದ ಮೃದುವಾಗಿ ಹಿಚುಕಿ ಬಳೆ ಜಾರಿಸುವಳು. ಗಾಯ ಮಾಯಿತು. ಇಬ್ಬರೂ ಮಾತಾಡುತ್ತಿರಲಿಲ್ಲ. ಅಮರನಾಥನ ಹೆಸರು ಮಾತ್ರ ಪ್ರತಿ ಸಂಜೆ, ಮೊದಲ ಬಳೆ ತೊಡಿಸುವಾಗ, ಗುಂಡಮ್ಮನ ಬಾಯಲ್ಲಿ ಒಮ್ಮೆ ಬರುತ್ತಿತ್ತು.

ಚಳಿಗಾಲದ ಒಂದು ಮುಂಜಾನೆ ಎಣ್ಣೆ ಗಟ್ಟಿಯಾಗಿತ್ತು, ಮುದುಕಿಯ ಬೆರಳು ಮರಗಟ್ಟಿದ್ದವು. ಎಡಗೈಯ ಬಳೆ ಗೆಣ್ಣು ದಾಟುವಾಗ ಟಕ್ ಎಂದಿತು.

ಗುಂಡಮ್ಮನ ಅಂಗೈಯಲ್ಲಿ ಎರಡು ಹಸಿರು ತುಂಡುಗಳು. ಆಕೆ ಅವನ್ನು ನೋಡುತ್ತ ಕೂತಳು. ಮೂಲೆಯಲ್ಲಿ ಪಾಠ ಓದುತ್ತಿದ್ದ ಸೃಷ್ಟಿ ಓದುವುದನ್ನು ನಿಲ್ಲಿಸಿದಳು. ಮುದುಕಿಯ ತುಟಿ ಅದುರಿದವು. ಇನ್ನೇನು ಆ ದಿನದ ಅಳು ಮತ್ತೆ ಹೊರಡುತ್ತದೆ, ಇನ್ನೇನು ಆ ಮಾತು ಬರುತ್ತದೆ, ನಾಳಿಂದ ಹೋಗಬ್ಯಾಡ ಎಂದು. ಜಯದೇವಿ ಅದಕ್ಕೆ ತಯಾರಾಗಿ ಕೈ ಹಿಂದಕ್ಕೆ ತೆಗೆದುಕೊಳ್ಳಹೋದಳು. ಗುಂಡಮ್ಮ ಬಿಡಲಿಲ್ಲ.

ಹೊರಗೆ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಒಮ್ಮೆ. ಮತ್ತೊಮ್ಮೆ.

ಗುಂಡಮ್ಮ ತುಂಡುಗಳನ್ನು ಡಬ್ಬಿಯಲ್ಲಿ, ಇಡೀ ಬಳೆಗಳ ಜೊತೆಗೇ ಹಾಕಿದಳು. ಆ ಕೈಯಲ್ಲಿ ಉಳಿದಿದ್ದ ಇನ್ನೊಂದು ಬಳೆಯನ್ನೂ ಮೆಲ್ಲಗೆ ಜಾರಿಸಿ ತೆಗೆದು, ಸೊಸೆಯ ಮುಂಗೈಯನ್ನು ಸೆರಗಿನಿಂದ ಒರೆಸಿದಳು.

"ಏಳು" ಅಂದಳು. "ಹಾರ್ನ್ ಹೊಡ್ಯಾಕತ್ತಾನ. ಇಳದು ಹೊಳ್ಳಿ ಹತ್ತದವ್ರಿಗಿ ಎಷ್ಟಂತ ನಿಂದರ್ತಾನ ಅವನರ? ಓಡು."

ಜಯದೇವಿ ಅಂಗಳ ದಾಟಿ ಓಡಿದಳು. ಹಿಂದಿನಿಂದ ಗುಂಡಮ್ಮನ ದನಿ ಬಂತು.

"ಸಂಜಿಗಿ ಲಗೂ ಬಾರವ್ವ. ಉಳದಾವು ಅದಾವಲ್ಲ, ತೊಡಸ್ತೀನಿ."

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಜಯದೇವಿ ಮೇಲಿನ ಸರಳನ್ನು ಹಿಡಿದು ನಿಂತಳು. ಎಣ್ಣೆಯ ಕೈ ಒಂದೆರಡು ಸಲ ಜಾರಿತು. ಅವಳು ಬೆರಳು ಬಿಗಿ ಮಾಡಿ ಹಿಡಿದುಕೊಂಡಳು.